ಪ್ರತಿ ತಿಂಗಳು ಏಳನೇ ತಾರೀಖು

ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಗುರುತಿಲ್ಲದ ಹೆಸರೊಂದನ್ನು ಕಂಡಾಗ ವಿಂಧ್ಯಾಳಿಗೆ ಗಾಬರಿಯಾಗಲಿಲ್ಲ, ಸಂತೋಷವಾಯಿತು.

'ಎನ್‌ವಿಡಿ ರೀಟೇಲ್ ವೆಂಚರ್ಸ್', ಆನ್‌ಲೈನ್ ಖರೀದಿ, ಸಾವಿರದ ನೂರ ಎಂಬತ್ತು ರೂಪಾಯಿ. ನಾಲ್ಕು ತಿಂಗಳಿಂದ ಪ್ರತಿ ಏಳನೇ ತಾರೀಖು. ಮದುವೆಯ ಖರ್ಚಿಗೆಂದು ಅವಳ ಹಳೆಯ ಖಾತೆಗೆ ಗೊತ್ತು ಮಾಡಿದ ವರ ಶ್ರೀಪಾದನ ಹೆಸರು ಸೇರಿಸಿಯೂ ಸರಿಯಾಗಿ ನಾಲ್ಕು ತಿಂಗಳು. ಆಸಾಮಿ ತಾಳಿ ಕಟ್ಟುವ ಮೊದಲೇ ಕೈ ಹಾಕಿದ್ದಾನೆ ಎಂದುಕೊಂಡಳು. ಅದಕ್ಕಿಂತ ಹಿಂದಿನ ಪುಟಗಳನ್ನು ತೆಗೆದು ನೋಡುವ ಗೋಜಿಗೇ ಹೋಗಲಿಲ್ಲ.

ಬೇಡವೆನ್ನಲು ಅವಳಿಗೊಂದು ಕಾರಣ ಬೇಕಿತ್ತು. ಶ್ರೀಪಾದನ ಯಾವುದೂ ಅವಳಿಗೆ ಹಿಡಿಸಿರಲಿಲ್ಲ. ಅಜ್ಜಂದಿರ ಕಾಲದ ಹೆಸರು, ಅರ್ಧ ತೋಳಿನ ಚೌಕಳಿ ಶರ್ಟು, ನಗಬಹುದೇ ಎಂದು ಯಾರನ್ನೋ ಕೇಳಿಕೊಂಡು ನಗುವಂಥ ನಗು. ವಡೋದರಾದ ಮಕರಪುರದಲ್ಲಿ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯ ಇಂಜಿನಿಯರು. ಮೊದಲ ಭೇಟಿಯಲ್ಲಿ ತಾಮ್ರದ ತಂತಿಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ್ದ. ಬ್ಯಾಂಕಿನ ವರ್ಗದ ಮೇಲೆ ಧಾರವಾಡದಿಂದ ಸೂರತ್‌ಗೆ ಬಂದು ಅಲ್ಲಿನ ಅಡಾಜಣ್‌ನಲ್ಲೇ ನೆಲೆ ನಿಂತ ಅಪ್ಪನಿಗೆ ಮಾತ್ರ, ನಮ್ಮ ಕಡೆಯ ಹುಡುಗ, ರೈಲಿನಲ್ಲಿ ಎರಡೇ ತಾಸು ಎಂಬ ಹಿಗ್ಗು. ಎರಡು ವರ್ಷ ಪ್ರೀತಿಸಿದ ರೋಹಿತ್ ಒಂದು ಮೆಸೇಜ್ ಹಾಕಿ ಬೇರೆ ಮದುವೆಯಾದ ಮೇಲೆ, ಬೇಡ ಎನ್ನುವಷ್ಟು ಉತ್ಸಾಹವೂ ವಿಂಧ್ಯಾಳಲ್ಲಿ ಉಳಿದಿರಲಿಲ್ಲ.

ಭಾನುವಾರ ಬೆಳಗಿನ ಗಾಡಿ ಹತ್ತಿದಳು. ಚುಚ್ಚುವ ಮಾತುಗಳನ್ನು ದಾರಿಯುದ್ದಕ್ಕೂ ಹರಿತ ಮಾಡಿಕೊಂಡಳು.

ಮಕರಪುರದ ಉಡುಪಿ ಹೋಟೆಲು ಕಾರ್ಖಾನೆಗಳ ರಜೆಯಿಂದಾಗಿ ಖಾಲಿಯಿತ್ತು. ಶ್ರೀಪಾದ ಮೊದಲೇ ಬಂದು ಫ್ಯಾನಿನ ಕೆಳಗಿನ ಜಾಗ ಅವಳಿಗೆ ಬಿಟ್ಟು ಕೂತಿದ್ದ. ಅದೂ ಅವಳಿಗೆ ನಾಟಕವೆನಿಸಿತು. ಕಾಗದವನ್ನು ಅವನ ಮುಂದೆ ಎಸೆದಳು.

"ಈ ಖರೀದಿ ಯಾರದು, ಹೇಳ್ತೀರೇನು?"

ಅವನು ಕಾಗದ ನೋಡಿದ. ಆಮೇಲೆ ಅವಳನ್ನೇ ನೋಡಿದ, ಅವಳು ಕಣ್ಣು ಬೇರೆ ಕಡೆ ತಿರುಗಿಸುವಷ್ಟು ಹೊತ್ತು.

"ನಿಮಗ ಖರೇನ ಗೊತ್ತಿಲ್ಲೇನ್ರಿ?"

ಎಂಥ ನಟ ಎಂದುಕೊಂಡಳು. ಅಂಗಡಿಯ ಬೋರ್ಡಿನ ಹೆಸರೇ ಸ್ಟೇಟ್‌ಮೆಂಟಿನಲ್ಲಿ ಬರಬೇಕೆಂದಿಲ್ಲ, ಹಿಂದಿರುವ ಕಂಪನಿಯ ಹೆಸರು ಬರುತ್ತದೆ ಎಂದು ಅವನು ಮೆಲ್ಲಗೆ ವಿವರಿಸಿದ. ಆ ಮೊತ್ತವನ್ನು ಅವಳ ಮೇಲ್‌ನಲ್ಲೇ ಒಮ್ಮೆ ಹುಡುಕಲು ಹೇಳಿದ. ಇವನ ಮುಖ ಸಣ್ಣದಾಗುವುದನ್ನು ನೋಡಬೇಕೆಂದೇ ಅವಳು ಹುಡುಕಿದಳು.

ಜಾಹೀರಾತುಗಳ ರಾಶಿಯಲ್ಲಿ, ತೆರೆಯದ ಮೇಲ್‌ಗಳು ಸಾಲಾಗಿ ಸಿಕ್ಕವು. ಚಿಕ್ಕಮಗಳೂರಿನ ಫಿಲ್ಟರ್ ಕಾಫಿ ಪುಡಿ, ಒಂದು ಕಿಲೋ, ಪ್ರತಿ ತಿಂಗಳು. ತಲುಪಿಸಬೇಕಾದವರು: ರೋಹಿತ್, ನರೋಡಾ, ಅಹಮದಾಬಾದ್.

ವಿಂಧ್ಯಾಳ ಕಿವಿ ಬಿಸಿಯಾಯಿತು. ಈ ಊರುಗಳಲ್ಲಿ ಬಾಯಿಗಿಡುವಂಥ ಕಾಫಿಯೇ ಇಲ್ಲ ಎಂದು ರೋಹಿತ್ ಗೊಣಗುತ್ತಿದ್ದ ಕಾಲದಲ್ಲಿ, ತಿಂಗಳು ತಿಂಗಳು ತಾನಾಗಿ ಹೋಗಲಿ ಎಂದು ಅವಳೇ ಒಂದು ಬಟನ್ ಒತ್ತಿದ್ದಳು. ಅವನು ಬಿಟ್ಟಾಗ ಫೋಟೋ ಅಳಿಸಿದಳು, ನಂಬರ್ ಬ್ಲಾಕ್ ಮಾಡಿದಳು, ಅವನು ಕೊಡಿಸಿದ ದುಪಟ್ಟಾ ಕೆಲಸದವಳಿಗೆ ಕೊಟ್ಟಳು. ಈ ಬಟನ್ ಮಾತ್ರ ನೆನಪಿಗೆ ಬರಲಿಲ್ಲ.

ಆದರೆ ಅವನಿಗೆ? ಮದುವೆಯಾಗಿ ಹನ್ನೊಂದು ತಿಂಗಳು. ತಾನು ಬಿಟ್ಟವಳ ಹೆಸರು ಹೊತ್ತ ಹನ್ನೊಂದು ಪೊಟ್ಟಣಗಳನ್ನು ಸಹಿ ಹಾಕಿ ಒಳಗೆ ತೆಗೆದುಕೊಂಡಿದ್ದಾನೆ. ಒಂದನ್ನಾದರೂ ವಾಪಸ್ ಕಳಿಸಿಲ್ಲ. ಪುಕ್ಕಟೆ ಬಂದದ್ದು ಯಾಕೆ ಬಿಡಬೇಕೆಂದು ಹೆಂಡತಿಯ ಜೊತೆ ಕೂತು ಹೀರಿದ್ದಾನೆ. ಈವರೆಗೆ ಅವಳು ರೋಹಿತ್‌ನನ್ನು ದ್ವೇಷಿಸಿದ್ದಳು, ಅದರಲ್ಲೊಂದಿಷ್ಟು ಪ್ರೀತಿಯೂ ಇತ್ತು. ಈಗ ಬರೀ ಹೇಸಿಗೆಯಾಯಿತು. ಇಂಥ ಜುಗ್ಗನಿಗಾಗಿ ಒಂದು ವರ್ಷ ದಿಂಬು ಒದ್ದೆ ಮಾಡಿದೆನಲ್ಲ ಎಂದು ತನ್ನ ಮೇಲೂ.

"ನಿಮಗ ಯಾವಾಗ ಗೊತ್ತಾತು?"

"ಮೊದಲನೇ ತಿಂಗಳ."

ರೊಕ್ಕ ಹೋದ ಮೆಸೇಜ್ ತನ್ನ ಫೋನಿಗೂ ಬಂದಿತ್ತು, ಯಾರೋ ಕಳ್ಳರೆಂದು ಗಾಬರಿಯಾಗಿ ಕಂಪನಿಗೆ ಫೋನ್ ಮಾಡಿದೆ, ಅವರು ಹೆಸರು, ಊರು ಹೇಳಿದರು ಎಂದ.

"ಮತ್ತ ಸುಮ್ಮನ ಯಾಕಿದ್ರಿ?"

"ನೀವು ಬೇಕಂತನ ಕಳಸ್ತೀರಿ ಅಂತ ತಿಳಕೊಂಡಿದ್ದೆ. ಆದ್ರ ಕೇಳದನ ತಾಳಿ ಕಟ್ಟೋನಲ್ಲ ನಾನು." ಅವನು ಲೋಟವನ್ನು ಮೇಜಿನ ಮೇಲೆ ಅತ್ತಿಂದಿತ್ತ ಸರಿಸಿದ. "ನಾಲ್ಕು ತಿಂಗಳಿಂದ ಪ್ರತಿ ಭಾನುವಾರ ಫೋನ್ ತಗೋತೀನಿ, ಇಡ್ತೀನಿ. ಕೇಳಿದ್ರ ನೀವು ಹೌದು, ಇನ್ನೂ ಅವನ ಮ್ಯಾಲ ಮನಸ್ಸದ ಅಂದುಬಿಡ್ತೀರಿ ಅಂತ ಹೆದರಿಕಿ. ನೀವು ಬ್ಯಾಡ ಅಂದ್ರ ನನಗ ಭಾಳ ಕಷ್ಟ ಆಗ್ತದ ವಿಂಧ್ಯಾ."

ತಾಮ್ರದ ತಂತಿಯಷ್ಟೇ ನೇರವಾಗಿ ಹೇಳಿದ ಮಾತು. ಹರಿತ ಮಾಡಿ ತಂದ ಮಾತುಗಳನ್ನು ಅವಳು ಅಲ್ಲಿಗೇ ಬಿಟ್ಟಳು. ಮೊಬೈಲ್ ತೆಗೆದು ನರೋಡಾದ ಆರ್ಡರನ್ನು ರದ್ದು ಮಾಡಿದಳು. ಕಾರಣ ಬರೆಯಿರಿ ಎಂದು ಅದು ಕೇಳಿತು. ಬರೆಯಲಿಲ್ಲ.

"ನಾ ಯಾಕ ಬಂದೆ ಗೊತ್ತೇನ್ರಿ? ನೀವು ಕಳ್ಳ ಅಂತ ಸಿಕ್ಕಿಬಿದ್ರ ಮದುವಿ ಮುರೀಬಹುದು ಅಂತ ಖುಷಿಯಿಂದ ಬಂದೆ."

"ಕಳ್ಳ ಆಗಿದ್ರ ಛಲೋ ಇತ್ತೇನು?"

"ಭಾಳ ಸಲೀಸಿತ್ತು."

ಇಬ್ಬರಿಗೂ ಒಟ್ಟಿಗೇ ನಗು ಬಂತು.

ಸ್ಟೇಷನ್ನಿನವರೆಗೆ ಅವನು ಜೊತೆಗೆ ಬಂದ. ನಾಚಿಕೆಯ ಭರದಲ್ಲಿ ಹೂಂ ಅನ್ನುವುದು ಬೇಡ, ಮನೆಗೆ ಹೋಗಿ ಸಾವಕಾಶ ಯೋಚಿಸಿ ಹೇಳಲಿ, ಎಷ್ಟು ದಿನವಾದರೂ ಕಾಯುವುದಾಗಿ ಹೇಳಿದ. ಗಾಡಿ ಬಂತು. ಅವಳು ಹತ್ತಿ ಬಾಗಿಲಲ್ಲೇ ನಿಂತು, ಅವನ ಮುಖವನ್ನು ಹಿಂದೆಂದೂ ನೋಡದವಳಂತೆ ನೋಡಿದಳು. ಎಡ ಹುಬ್ಬಿನ ಮೇಲೊಂದು ಸಣ್ಣ ಗಾಯದ ಗುರುತಿತ್ತು. ಅದು ಹೇಗಾಯಿತೆಂದು ಕೇಳುವ ಆಸೆಯಾಯಿತು.

"ಮುಂದಿನ ಭಾನುವಾರ ಸೂರತ್‌ಗೆ ಬರ್ರಿ. ಅಪ್ಪ ಕರದಾರ ಅಂತಲ್ಲ, ನಾ ಕರದೀನಿ ಅಂತ."

ಶ್ರೀಪಾದ ಗಾಡಿ ಹೊರಡುವ ಮೊದಲೇ, ಅವಳ ಎದುರಿಗೇ, ಫೋನ್ ತೆಗೆದು ಟಿಕೆಟ್ ಬುಕ್ ಮಾಡತೊಡಗಿದ.