ಮಸಿಯ ಮೈಹೊಳಪು

"ಬರಿಗೈಲಿ ಮುಟ್ಬೇಡ ಆ ಬೆಕ್ಕನ್ನ," ಎಂದಳು ಅಡುಗೆಯಾಕೆ, ಉರಿಯುವ ಒಲೆಯಿಂದ ಕಾದ ಬಾಣಲೆಯನ್ನು ಬರಿಗೈಯಲ್ಲೇ ಇಳಿಸುತ್ತಾ. "ಕೈಗವಸು ಹಾಕ್ಕೋ, ಬಟ್ಟೆ ಸುತ್ಕೋ, ಏನಾದ್ರೂ ಮಾಡು. ಅಂಗೈ ಮಾತ್ರ ತಾಗಿಸ್ಬೇಡ."

ಚರ್ಮ ಸುಟ್ಟ ವಾಸನೆ ಅಡುಗೆಮನೆಯಲ್ಲಿ ತೆಳ್ಳಗೆ ಹರಡಿತು. ಅವಳ ಮುಖದಲ್ಲಿ ನೋವಿನ ಒಂದು ಗೆರೆಯೂ ಏಳಲಿಲ್ಲ.

ಅಂದೇ ಕೆಲಸಕ್ಕೆ ಸೇರಿದ್ದ ಹೆಂಗಸು ನಕ್ಕುಬಿಟ್ಟಳು. ನಾಯಿ ಬೆಕ್ಕುಗಳ ಮೈ ತೊಳೆದು, ಬಾಚಿ, ಉಗುರು ಕತ್ತರಿಸಿ ಹೊಟ್ಟೆ ಹೊರೆಯುತ್ತಿದ್ದವಳು ಅವಳು. ಹಿಂದಿನ ಅಂಗಡಿಯಲ್ಲಿ ಜೊತೆಗಾರರು ಇಟ್ಟ ಅಡ್ಡಹೆಸರು ಬಾಚಣಿಗೆ. ಎಂಥ ಗಂಟನ್ನೂ ಬಿಡಿಸುತ್ತಿದ್ದಳು, ಬಿಡದಿದ್ದರೆ ಚುಚ್ಚುತ್ತಿದ್ದಳು. ಅಲ್ಲಿಯ ಮಾಲೀಕನನ್ನು ಮಾತಿನಲ್ಲಿ ಚುಚ್ಚಿಯೇ ಹೊರಬಿದ್ದಿದ್ದಳು.

"ಅಕ್ಕಾ, ಮೊದ್ಲು ನಿಮ್ಮ ಕೈಗೆ ಬಟ್ಟೆ ಸುತ್ಕೊಳ್ಳಿ. ಕರಿ ಬೆಕ್ಕು ಅಂದ್ರೆ ಸಾಕು, ಎಲ್ರ ಹತ್ರಾನೂ ಒಂದೊಂದು ಕತೆ. ಅಡ್ಡ ಬಂದ್ರೆ ಅಪಶಕುನ, ಎದುರು ಬಂದ್ರೆ ಗ್ರಹಚಾರ. ಪಾಪ, ಅದೂ ಎಲ್ಲಾದ್ರೂ ನಡೀಬೇಕಲ್ಲ."

"ನಾನು ಬೆಕ್ಕಿಗೆ ಹೆದರಿ ಹೇಳ್ಲಿಲ್ಲ."

"ಮತ್ತೆ ಯಾರಿಗೆ?"

ಅಡುಗೆಯಾಕೆ ಮಹಡಿಯ ಕಡೆ ಕಣ್ಣೆತ್ತಿ, ಯಾರೋ ಗದರಿದಂತೆ ಕೂಡಲೇ ಇಳಿಸಿದಳು. "ಉಪ್ಪು ಸರಿಯಿದ್ಯಾ ನೋಡು," ಎಂದು ಸೌಟು ಚಾಚಿದಳು.

ಮಹಡಿಯ ಕೋಣೆಯಲ್ಲಿ ಹಗಲು ಎಂಬುದೇ ಇರಲಿಲ್ಲ. ಕಿಟಕಿಗಳ ಮೇಲೆ ಕಂಬಳಿಯಷ್ಟು ದಪ್ಪದ ಪರದೆಗಳು. ಹಳಸಿದ ಎಣ್ಣೆ ಮತ್ತು ಸುಟ್ಟ ಕೂದಲಿನ ಕಮಟು. ಕತ್ತಲಿನ ಒಂದು ತುಂಡು ಮೇಜಿನಿಂದ ಧುಮುಕಿ ಬಾಚಣಿಗೆಯ ಕಾಲಿಗೆ ತಲೆ ಉಜ್ಜಿತು. ಅದು ಮಸಿ.

ಇಂಥ ಬೆಕ್ಕನ್ನು ಅವಳು ಚಿತ್ರದಲ್ಲಷ್ಟೇ ಕಂಡಿದ್ದಳು. ಮೂಗು ಕಪ್ಪು, ಪಾದದ ಮೆತ್ತೆ ಕಪ್ಪು, ಕೂದಲನ್ನು ಬುಡದವರೆಗೆ ಬಿಡಿಸಿ ನೋಡಿದರೂ ಕಪ್ಪೇ. ದುಂಡು ತಲೆ, ಮೋಟು ಮೂತಿ, ಈಗಷ್ಟೇ ಬೆಳಗಿದ ತಾಮ್ರದಂಥ ಕಣ್ಣು. ಮೈಗೆ ಒತ್ತಿಕೊಂಡ ಗಿಡ್ಡ ಕೂದಲು ಪಾಲಿಶ್ ಹಾಕಿದ ಬೂಟಿನ ಹಾಗೆ ಮಿರಮಿರ ಮಿಂಚುತ್ತಿತ್ತು. ನೋಡಿದರೆ ಹಗುರ, ಎತ್ತಿಕೊಂಡರೆ ಕೈ ಜಗ್ಗುವಷ್ಟು ಭಾರ. ಒಂಟಿಯಾಗಿರಲು ಬಾರದ ತಳಿ ಅದು. ಮನುಷ್ಯರ ಹಿಂದೆಯೇ ಸುತ್ತುತ್ತದೆ, ಹೆಗಲೇರುತ್ತದೆ, ಬಿಸಿ ಎಲ್ಲಿದೆಯೋ ಅಲ್ಲಿಗೆ ಹೋಗಿ ಮುದುಡುತ್ತದೆ. ಒಲೆಯ ಬದಿಯಾದರೂ ಸರಿ, ಕಟುಕನ ಮಡಿಲಾದರೂ ಸರಿ.

ಅದರ ಆರೈಕೆಯೂ ದೊಡ್ಡದಲ್ಲ. ರಬ್ಬರ್ ಬ್ರಶ್ಶಿನಿಂದ ಸತ್ತ ಕೂದಲು ತೆಗೆದು, ಹಲ್ಲುಜ್ಜಿ, ಕಣ್ಣಂಚು ಒರೆಸಿ, ಹೊಟ್ಟೆಬಾಕ ಜಾತಿಯಾದ್ದರಿಂದ ಊಟವನ್ನು ಅಳೆದಿಟ್ಟರೆ ಮುಗಿಯಿತು. ಆದರೆ ಕೊನೆಯ ಕೆಲಸ ಅಂಗೈಯದ್ದು. ತಲೆಯಿಂದ ಬಾಲದವರೆಗೆ ಬರಿಗೈಯಲ್ಲಿ ನೀವಬೇಕು. ಅಂಗೈಯ ಜಿಡ್ಡು ಮತ್ತು ಬಿಸಿಗೇ ಆ ಹೊಳಪು ಏಳುವುದು, ಕೈಗವಸಿಗೆ ಏಳದು. ಕೂದಲಡಿಯ ಗಂಟು, ಜ್ವರ, ಗಾಯ ಎಲ್ಲವನ್ನೂ ಕಣ್ಣಿಗಿಂತ ಮೊದಲು ಅಂಗೈ ಕಾಣುತ್ತದೆ. ಬಾಚಣಿಗೆಯ ಕಸುಬೆಲ್ಲ ಇದ್ದುದು ಅವಳ ಎರಡು ಅಂಗೈಗಳಲ್ಲಿ. ಕೈಗವಸು ಹಾಕಿ ಬೆಕ್ಕು ನೀವುವುದೆಂದರೆ ಅವಳಿಗೆ ಕಣ್ಣು ಕಟ್ಟಿಕೊಂಡು ಸೂಜಿಗೆ ದಾರ ಪೋಣಿಸಿದಂತೆ.

ಅವಳು ಬರಿಗೈಯಿಟ್ಟು ನೀವಿದಳು. ಮಸಿ ಗುರುಗುರು ಎಂದಿತು. ಅಷ್ಟೇ. ಸಿಡಿಲು ಬಡಿಯಲಿಲ್ಲ, ದೀಪ ಆರಲಿಲ್ಲ. "ನೋಡಿದ್ಯಾ, ಅಪಶಕುನದ ಮರಿ," ಎಂದು ಅದರ ಕಿವಿಯ ಹಿಂದೆ ಕೆರೆದಳು.

ಯಜಮಾನಿಯನ್ನು ನೋಡಿದಾಗ ಮಾತ್ರ ಅವಳಿಗೆ ಲೆಕ್ಕ ತಪ್ಪಿದಂತಾಯಿತು. ಆಕೆಗೆ ಮೊಮ್ಮಕ್ಕಳು ಕಾಲೇಜು ಮುಗಿಸಿದ್ದಾರಂತೆ. ಕೂದಲು ಮಾತ್ರ ಕಡುಗಪ್ಪು, ಕೆನ್ನೆ ಬಿಗಿ, ನಡಿಗೆ ಜಿಂಕೆಯದು. ಕೈಗೆ ಸದಾ ರೇಷ್ಮೆಯ ಕೈಗವಸು. ಬೆಳಗಾದರೆ ಕಡ್ಡಿಯ ತುದಿಯಲ್ಲಿ ಕಪ್ಪು ಲೇಪವೊಂದನ್ನು ತೆಗೆದು, ತುಟಿ ಅಲುಗಿಸುತ್ತಾ ಮಸಿಯ ಬೆನ್ನುಹುರಿಯುದ್ದಕ್ಕೂ ಸವರುತ್ತಿದ್ದಳು. ಆಮೇಲೆ ಬಾಚಣಿಗೆ ನೀವಬೇಕು. ಮಧ್ಯಾಹ್ನ ಬೆಕ್ಕು ಯಜಮಾನಿಯ ಮಡಿಲಲ್ಲಿ ಮಲಗಬೇಕು. ಪರದೆ ಸರಿಸುವಂತಿಲ್ಲ, ಬಿಸಿಲು ಬಿದ್ದರೆ ಕರಿಮೈ ಕಂದು ತಿರುಗುತ್ತದೆ ಎಂದು ಕಟ್ಟಪ್ಪಣೆ. ಈ ತಳಿಯ ಮಟ್ಟಿಗೆ ಅದು ಸುಳ್ಳೂ ಅಲ್ಲ.

ಒಂದು ಸಂಗತಿ ಮಾತ್ರ ಬಾಚಣಿಗೆಗೆ ಚುಚ್ಚುತ್ತಿತ್ತು. ಬೆಕ್ಕು ಮಡಿಲಲ್ಲಿ ಮಲಗಿ ಕುತ್ತಿಗೆ ಚಾಚಿ ಬೇಡುತ್ತಿದ್ದರೂ ಯಜಮಾನಿ ಒಮ್ಮೆಯೂ ಅದನ್ನು ನೀವುತ್ತಿರಲಿಲ್ಲ. ಎರಡೂ ಕೈ ಕುರ್ಚಿಯ ತೋಳಿನ ಮೇಲೆ. ಮುದ್ದಿಸದವಳು ಇಂಥ ಬೆಕ್ಕನ್ನು ಯಾಕಾದರೂ ಸಾಕುತ್ತಾಳೆ?

ಮೊದಲು ಹೋದದ್ದು ಕಿರುಬೆರಳು. ಚಹಾದ ಲೋಟ ಬಿಸಿಯೋ ತಣ್ಣಗೋ ತಿಳಿಯದಾಯಿತು. ಚಳಿಗೆ ಜೋಮು ಹಿಡಿದಿರಬೇಕು ಎಂದುಕೊಂಡಳು. ಆಮೇಲೆ ಅಂಗೈಯ ನಡು. ರವಿಕೆಗೆ ಪಿನ್ನು ಹಾಕುವಾಗ ಬೆರಳಿಗೆ ಚುಚ್ಚಿ ರಕ್ತ ಬಂದರೂ ಗೊತ್ತಾಗಲಿಲ್ಲ. ಮಸಿಯ ಹೊಳಪು ದಿನದಿನಕ್ಕೆ ಏರುತ್ತಿತ್ತು, ಯಜಮಾನಿಯ ಕೆನ್ನೆಯದೂ. ಕೊನೆಗೊಂದು ಬೆಳಿಗ್ಗೆ ಉಗುರು ಕತ್ತರಿಸುವಾಗ ಕತ್ತರಿಯ ಒತ್ತು ತಿಳಿಯದೆ ಬೆಕ್ಕಿನ ಉಗುರಿನೊಳಗಿನ ಹಸಿಮಾಂಸಕ್ಕೇ ತಾಗಿತು. ರಕ್ತ ಚಿಮ್ಮಿತು. ಮಸಿ ಪರಚಲಿಲ್ಲ. ಒಮ್ಮೆ ಕಿರ್ರೆಂದು, ನಡುಗುತ್ತಾ ಅವಳ ಕಂಕುಳಿಗೇ ತಲೆ ತೂರಿಸಿತು. ಇಷ್ಟು ವರ್ಷದಲ್ಲಿ ಒಂದು ಪ್ರಾಣಿಗೂ ಅವಳ ಕೈಯಿಂದ ನೋವಾಗಿರಲಿಲ್ಲ.

ಅವಳು ನೇರ ಅಡುಗೆಮನೆಗೆ ಇಳಿದಳು. "ಈಗ ಹೇಳಿ. ಪೂರ್ತಿ ಹೇಳಿ."

ಅಡುಗೆಯಾಕೆ ಬಾಗಿಲು ಮುಂದೆ ಮಾಡಿದಳು. "ನಾನೇನು ಅಡುಗೆಗೆ ಬಂದವಳು ಅಂದ್ಕೊಂಡ್ಯಾ? ನಿನ್ನ ಕೆಲ್ಸಕ್ಕೇ ಬಂದಿದ್ದು ನಾನೂ. ಆಗ ಬೇರೆ ಬೆಕ್ಕು, ಇದರಜ್ಜಿಯೋ ಮುತ್ತಜ್ಜಿಯೋ." ದನಿ ಪಿಸುಮಾತಿಗಿಳಿಯಿತು. "ಆ ಲೇಪ ಇದ್ಯಲ್ಲ, ಅದರ ಮೇಲೆ ಅಂಗೈ ಆಡ್ಸಿದವಳು ಕೈಯ ಜೀವ ಕೊಡ್ತಾಳೆ. ಮಡಿಲು ಕೊಟ್ಟವಳು ತಗೊಳ್ತಾಳೆ. ನಡುವೆ ಆ ಮೂಕಪ್ರಾಣಿ ಬರೀ ಕೊಳವೆ."

"ಗೊತ್ತಿದ್ದೂ ಇಲ್ಲೇ ಇದ್ದೀರಲ್ಲ."

"ಬಿಸಿ ತಣ್ಣಗೆ ತಿಳೀದ ಕೈಗೆ ಹೊರಗೆ ಯಾರವ್ವ ಕೆಲ್ಸ ಕೊಡ್ತಾರೆ? ನೀನೂ ಇಲ್ಲೇ ಪಾತ್ರೆ ತೊಳ್ಕೊಂಡಿರು. ನಂಗೂ ಜೊತೆ ಆಗತ್ತೆ."

ಮಾಟದ ನಿಜವಾದ ಬಲ ಇರುವುದು ಲೇಪದಲ್ಲಲ್ಲ. ದೋಚಿಸಿಕೊಂಡವಳು ದೋಚಿದವಳ ಮನೆಯಲ್ಲೇ ಒಲೆ ಊದುತ್ತಾ, ಇದಾದರೂ ಸಿಕ್ಕಿತಲ್ಲ ಎಂದು ಸುಮ್ಮನಾಗುವಂತೆ ಮಾಡುತ್ತದಲ್ಲ, ಅಲ್ಲಿದೆ. ಬಾಚಣಿಗೆಗೆ ಭಯವಾಗಲಿಲ್ಲ ಎಂದಲ್ಲ. ಆದರೆ ಅದಕ್ಕಿಂತ ಜೋರಾಗಿ ಉರಿದದ್ದು ಸಿಟ್ಟು.

"ಪಾತ್ರೆ ಅವಳೇ ತೊಳೀಲಿ," ಎಂದಳು. "ನನ್ನ ಕೈ ನಂಗೆ ಬೇಕು."

ಮಧ್ಯಾಹ್ನ. ಯಜಮಾನಿ ಕುರ್ಚಿಯಲ್ಲಿ ಕಣ್ಣುಮುಚ್ಚಿದ್ದಳು. ಮಡಿಲಲ್ಲಿ ಮಸಿ. ಗೋಡೆಗಡಿಯಾರದ ಟಿಕ್ ಟಿಕ್, ಬೆಕ್ಕಿನ ಗುರುಗುರು. ಬಾಚಣಿಗೆ ಕಿಟಕಿಯ ಬಳಿಗೆ ಹೋಗಿ ಪರದೆಯನ್ನು ಮೊಣಕೈಗೆ ಸುತ್ತಿ ಒಂದೇ ಎಳೆತಕ್ಕೆ ಕಿತ್ತಳು.

ಬಿಸಿಲು ನೆಲಕ್ಕೆ ಬಿತ್ತು. ಮಸಿಯ ಕಿವಿ ನೆಟ್ಟಗಾಯಿತು. ಬಿಸಿಯಿರುವ ಕಡೆಗೆ ಹೋಗುವುದು ಅದರ ಹುಟ್ಟುಗುಣ, ಅದಕ್ಕೆ ಯಜಮಾನಿಯ ಅಪ್ಪಣೆ ತಿಳಿಯದು. ಮಡಿಲಿನಿಂದ ಜಾರಿ, ಬೆಳಕಿನಲ್ಲಿ ಕಾಲು ಮಡಿಸಿ ಕೂತಿದ್ದ ಬಾಚಣಿಗೆಯ ತೊಡೆಯೇರಿ ಮುದುಡಿತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಎಬ್ಬಿಸು ಅದನ್ನ. ಮೈ ಕಂದು ತಿರುಗತ್ತೆ."

"ಆಗ್ಲಿ ಬಿಡಿ ಅಮ್ಮ. ಅದಕ್ಕೂ ಒಂದಿಷ್ಟು ಬಿಸಿಲು ಬೇಡ್ವಾ?"

"ಎಬ್ಬಿಸ್ತೀಯೋ ಇಲ್ವೋ?"

"ನಿಮ್ಮ ಬೆಕ್ಕು. ನೀವೇ ಎತ್ಕೊಳ್ಳಿ."

ಯಜಮಾನಿ ಧಾವಿಸಿ ಬಂದು ಬಗ್ಗಿದಳು. ರೇಷ್ಮೆಯ ಕೈಗೆ ಆ ನುಣುಪು ಮೈ ಸಿಗಲಿಲ್ಲ, ಜಾರಿತು. ಮತ್ತೆ ಹಿಡಿದಳು. ಮತ್ತೆ ಜಾರಿತು. ಬೆಕ್ಕಿನ ಕೂದಲ ತುದಿಯಲ್ಲಿ ಕಪ್ಪು ಆಗಲೇ ಕಂದು ತಿರುಗುತ್ತಿತ್ತು. ಸಿಟ್ಟು ನೆತ್ತಿಗೇರಿ ಆಕೆ ಕೈಗವಸು ಕಿತ್ತೆಸೆದಳು. ಎರಡೂ ಬರಿಯ ಅಂಗೈಗಳನ್ನು ಮಸಿಯ ಬೆನ್ನಿಗೆ ಊರಿದಳು.

ಊರಿದ್ದು ಮೇಲೇಳಲಿಲ್ಲ.

ಲೇಪ ಕುದಿಯಿತು. ಸುಟ್ಟ ಕೂದಲಿನ ವಾಸನೆ ಗಂಟಲಿಗಿಳಿಯಿತು. ಯಜಮಾನಿ ಎಳೆದಳು. ಅಂಗೈ ಬಿಡಲಿಲ್ಲ. ಕೂದಲು ಬುಡದಿಂದ ಬಿಳುಚಿತು. ಕೆನ್ನೆ ಕುಸಿಯಿತು. ಹಲ್ಲು ಉದುರಿತು. ಬಾಚಣಿಗೆಯ ತೊಡೆಯೊಳಗೆ ಬಿಸಿ ಹೊಕ್ಕಿತು. ಸೊಂಟಕ್ಕೆ ಏರಿತು. ಹೆಗಲಿಗೆ ಏರಿತು. ಬೆರಳುಗಳಿಗೆ ಇಳಿಯಿತು. ಬೆನ್ನ ಹಿಂದೆ ಅವಳ ಅಂಗೈ ಜುಮ್ಮೆಂದಿತು. ಸೀರೆಯ ನೂಲು ತಿಳಿಯಿತು. ಗಾಳಿ ತಿಳಿಯಿತು. ಇನ್ನೂ ಬರುತ್ತಿತ್ತು. ಅವಳದ್ದಲ್ಲದ್ದೂ ಬರುತ್ತಿತ್ತು. ಯಾರದೋ ಕೈ ಹಸುಗೂಸನ್ನು ಸವರಿದ ನೆನಪು. ಯಾರದೋ ಕೈ ಹಿಟ್ಟು ನಾದಿದ ನೆನಪು. ಸಿಹಿಯಾಗಿತ್ತು. ಸಾಕೆನಿಸಲಿಲ್ಲ.

"ಬೆಕ್ಕನ್ನ ನೀನೇ ಇಟ್ಕೋ," ಎಂದಿತು ಯಜಮಾನಿಯ ಬೊಚ್ಚುಬಾಯಿ. "ಅರ್ಧ ನಂಗೆ ಬಿಡು. ಅರ್ಧ ನಿಂಗೆ. ಲೇಪ ಕಲಿಸ್ತೀನಿ."

ಬಾಗಿಲಲ್ಲಿ ಅಡುಗೆಯಾಕೆ ನಿಂತಿದ್ದಳು. ಯಜಮಾನಿಯ ಬಿಸಿಹಾಲಿನ ಕೆಟಲನ್ನು ಹಿಡಿಕೆಯಲ್ಲಲ್ಲ, ಮೈಯಲ್ಲೇ ಎರಡು ಕೈಯಿಂದ ಅಪ್ಪಿ ಹಿಡಿದಿದ್ದಳು. ಸುಟ್ಟ ಚರ್ಮದ ವಾಸನೆ.

ಮೊದಲು ದೋಚಿಸಿಕೊಂಡವಳು ಅವಳು. ಸರದಿ ಅವಳದು.

"ಅಕ್ಕಾ, ಇಲ್ಲಿ ಕೂತ್ಕೊಳ್ಳಿ."

"ನಂಗೆ ಭಯ ಆಗತ್ತೆ ಕಣೇ."

"ನಂಗೂ ಆಗತ್ತೆ. ಕೂತ್ಕೊಳ್ಳಿ."

ಅವಳು ಕೂತಳು, ಕೆಟಲನ್ನು ಅಪ್ಪಿಕೊಂಡೇ. ಬೆಕ್ಕನ್ನು ಎತ್ತಿ ಆ ಮಡಿಲಿಗಿಡಬೇಕು. ಕುದಿದ ಲೇಪ ಹೊಟ್ಟೆಯಡಿಗೂ ಇಳಿದಿತ್ತು. ಎತ್ತಲು ಅಂಗೈ ಬೇಕು, ತಾಗಿಸಿದರೆ ಬಂದದ್ದೆಲ್ಲ ಹೋಗುತ್ತದೆ. ಬಾಚಣಿಗೆಗೆ ಅದು ಗೊತ್ತಿತ್ತು. ಒಂದೇ ಒಂದು ಕ್ಷಣ ಅವಳು ತನ್ನ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡಳು. ಆಮೇಲೆ ಎರಡೂ ಕೈಯನ್ನು ಮಸಿಯ ಹೊಟ್ಟೆಯಡಿ ತೂರಿಸಿ ಎತ್ತಿದಳು. ಯಜಮಾನಿಯೂ ಅಂಟಿಕೊಂಡೇ ತೆವಳಿಬಂದಳು. ಕೈಯಿಂದ ಬಿಸಿ ಸೋರಿತು. ನೂಲು ಹೋಯಿತು. ಗಾಳಿ ಹೋಯಿತು. ಮಸಿ ಅಡುಗೆಯಾಕೆಯ ಮಡಿಲಿಗೆ ಇಳಿಯಿತು.

ಕೆಟಲಿನ ಮೇಲೆ ಅವಳ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

"ಅಯ್ಯಯ್ಯೋ ಉರಿ!" ಕೆಟಲ್ ಗೋಡೆಗೆ ಬಡಿದು ಹಾಲು ಚೆಲ್ಲಿತು. ಅಡುಗೆಯಾಕೆ ಕೈ ಕೊಡವುತ್ತಾ ಅತ್ತಳು, ನಕ್ಕಳು, ಬೆರಳುಗಳಿಗೆ ಉಫ್ ಉಫ್ ಎಂದು ಊದಿಕೊಂಡಳು. "ಉರೀತಿದೆ ಕಣೇ. ಎಷ್ಟ್ ಚೆನ್ನಾಗಿ ಉರೀತಿದೆ."

ಯಜಮಾನಿಯ ಕೈಗಳು ಒಣಗಿದ ಸಿಪ್ಪೆಯಂತೆ ಮಸಿಯ ಬೆನ್ನಿನಿಂದ ಬಿಟ್ಟುಬಂದವು. ಆಕೆ ನೆಲಕ್ಕೊರಗಿ, ತನ್ನ ಅಂಗೈಯನ್ನು ಗೋಡೆಗೂ ಕೆನ್ನೆಗೂ ಒತ್ತಿ ಒತ್ತಿ ನೋಡಿಕೊಂಡಳು. ಅಲ್ಲಿ ಇನ್ನೇನೂ ಉಳಿದಿರಲಿಲ್ಲ.

"ಈಗ ನೀನು ಕೂತ್ಕೋ," ಅಡುಗೆಯಾಕೆ ಕಣ್ಣೊರೆಸಿಕೊಂಡಳು. "ನಾನು ಕೈ ಇಡ್ತೀನಿ. ನಿಂದು ನೀನು ತಗೋ."

ಬಾಚಣಿಗೆ ತನ್ನ ಕೈಗಳನ್ನು ನೋಡಿದಳು. ಯಾರದೋ ಅಂಗಡಿಯಲ್ಲಿ ತೂಗುಹಾಕಿದ ಕೈಗವಸುಗಳಂತಿದ್ದವು. ಬೇಕು ಎಂದು ಮೈಯೆಲ್ಲ ಕೂಗಿತು.

"ಬೇಡ. ನಿಮ್ದು ನಂದು ಅಂತ ಇದು ಬೇರೆ ಮಾಡಲ್ಲ. ನಿಮ್ಮಿಂದ ಕಿತ್ಕೊಂಡ್ರೆ ಆ ಕುರ್ಚೀಲಿ ನಾನು ಕೂತ ಹಾಗೆ. ನೀರು ಕಾಯ್ಸಿ. ಇದರ ಮೈ ತೊಳ್ದು ಇಲ್ಲಿಗೇ ಮುಗಿಸೋಣ."

ಬಚ್ಚಲಲ್ಲಿ ಅಡುಗೆಯಾಕೆ ನೀರಿಗೆ ಬೆರಳದ್ದಿ, ಹದ ನೋಡಿ, "ಉಗುರುಬೆಚ್ಚಗಿದೆ," ಎಂದಳು. ಬೆಕ್ಕಿನ ಕಡೆ ಕೈ ಚಾಚಿದವಳನ್ನು ಬಾಚಣಿಗೆ ತಡೆದಳು.

"ನೀವು ನೀರು ಮಾತ್ರ ಹಾಕಿ. ಉಜ್ಜೋದು ನಾನು. ನನ್ನ ಕೈಲಿ ಕದಿಯೋಕೆ ಇನ್ನೇನಿದೆ?"

ಕಪ್ಪು ನೀರು ಮೋರಿಗೆ ಹರಿಯಿತು. ಮಸಿ ಗೊಣಗಿತು, ನೆನೆದ ಬಾಲವನ್ನು ಅವಳ ಮುಖಕ್ಕೆ ಬಡಿಯಿತು, ಆದರೂ ಓಡಿಹೋಗಲಿಲ್ಲ. ಲೇಪ ಹೋಯಿತೋ ಇಲ್ಲವೋ ಅಂಗೈ ಹೇಳುತ್ತಿರಲಿಲ್ಲ. ಬಾಚಣಿಗೆ ಬಗ್ಗಿ, ಒದ್ದೆ ಬೆನ್ನಿಗೆ ತನ್ನ ಕೆನ್ನೆ ಒತ್ತಿ, ಕತ್ತಿನಿಂದ ಬಾಲದ ಬುಡದವರೆಗೆ ನಿಧಾನ ಸವರಿದಳು. ಬೆಚ್ಚಗಿತ್ತು. ಒಳಗೆ ಗುರುಗುರು. ಸೊಂಟದ ಹತ್ತಿರ ಕೆನ್ನೆಗೆ ಏನೋ ಜಿಗುಟಾಗಿ ಹತ್ತಿತು.

"ಇಲ್ಲಿನ್ನೂ ಸ್ವಲ್ಪ ಉಳ್ಕೊಂಡಿದೆ ಅಕ್ಕಾ," ಎಂದಳು. "ಇನ್ನೊಂದು ಚೊಂಬು ಹಾಕಿ."