ಚಿಕ್ಕ ಲಿವರ್

ಬೆಳಿಗ್ಗೆ ಹತ್ತೂವರೆಗೆ, ಗ್ಯಾರೇಜು ನಡೆಸುವ ಅಣ್ಣತಮ್ಮಂದಿರಲ್ಲಿ ಅಣ್ಣ ಠಾಣೆಗೆ ಬಂದು ದೂರು ಬರೆಸಿದ. ಇಳಿಜಾರಿನ ಅಂಗಳದಲ್ಲಿ ಜೀಪಿನಡಿ ಮಲಗಿ ಕೆಲಸ ಮಾಡುತ್ತಿದ್ದ ತಮ್ಮನ ಮೇಲೆ ಆ ಜೀಪೇ ಉರುಳಿ, ಅವನು ಸತ್ತಿದ್ದ. ಗೇರು ‘ಪಿ’ಯಲ್ಲೇ, ಅಂದರೆ ಪಾರ್ಕಿಂಗ್‌ನಲ್ಲೇ ಇತ್ತು, ಒಳಗೆ ಚಕ್ರಗಳನ್ನು ಹಿಡಿದು ನಿಲ್ಲಿಸುವ ಕೊಕ್ಕೆ ಮುರಿದಿರಬೇಕು ಎಂದ. ಗುಡ್ಡ ಹತ್ತುವ ಆ ಜೀಪಿನ ನಾಲ್ಕು ವೇಗದ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಹೋದ ವಾರವಷ್ಟೇ ಬಿಚ್ಚಿ ಜೋಡಿಸಿದ್ದವನು ತಮ್ಮನೇ.

"ಅವನ ಕೆಲ್ಸಾನೇ ಅವನನ್ನ ತಿಂದುಹಾಕ್ತು, ಸಾರ್."

ಅವನ ಕಣ್ಣು ಒಣಗಿತ್ತು. ಇನ್‌ಸ್ಪೆಕ್ಟರ್ ಅದಕ್ಕೆ ಹೆಚ್ಚು ಅರ್ಥ ಕಲ್ಪಿಸಲಿಲ್ಲ. ಅಸಹಜ ಸಾವೆಂದು ಪ್ರಕರಣ ದಾಖಲಿಸಿಕೊಂಡು ಹೊರಟರು.

ಸ್ಥಳ ಪಂಚನಾಮೆ ನಡೆಯಿತು. ಹ್ಯಾಂಡ್‌ಬ್ರೇಕಿನ ಕೇಬಲ್ ರಿಪೇರಿಗೆಂದು ಕಳಚಿತ್ತು. ಚಕ್ರಕ್ಕೆ ಅಡ್ಡ ಕೊಡುವ ಕಲ್ಲು ಗೋಡೆಯ ಬದಿಗಿತ್ತು. ‘ಪಿ’ ನಂಬಿ ತಮ್ಮ ಅದನ್ನು ಇಡಲೇ ಇಲ್ಲ ಎಂದ ಅಣ್ಣ. ದೊಡ್ಡ ಲಿವರ್ ‘ಪಿ’ಯಲ್ಲಿತ್ತು. ಅದರ ಪಕ್ಕದ ಚಿಕ್ಕ ಲಿವರ್, ಎಂಜಿನ್ನಿನ ಬಲವನ್ನು ಎರಡು ಚಕ್ರಕ್ಕೋ ನಾಲ್ಕಕ್ಕೋ ಕೊಡುವುದು, ನಾಲ್ಕರಲ್ಲಿತ್ತು.

ಸತ್ತವನ ಹೆಂಡತಿ ಮಗಳನ್ನು ಸೊಂಟದಲ್ಲಿಟ್ಟುಕೊಂಡು ಬಂದಳು. ರಿಪೇರಿಗೆ ಬಿಟ್ಟ ಗಾಡಿಗಳನ್ನು ಗಿರಾಕಿಗಳು ಆಗಲೇ ವಾಪಸು ಒಯ್ಯುತ್ತಿದ್ದರು.

"ಭಾವ ಹೇಳೋದು ಸುಳ್ಳು. ಕಳಪೆ ಕೆಲ್ಸ ಮಾಡಿ ಸತ್ತ ಅನ್ನೋ ಮಾತು ಕೇಳ್ತಾ ನನ್ನ ಮಗಳು ಬೆಳೀಬೇಕಾ? ಬಿಚ್ಚಿಸಿ ನೋಡಿ, ಸಾರ್."

ಮೂರನೆಯ ದಿನ ಮೋಟಾರು ವಾಹನ ನಿರೀಕ್ಷಕರು ಗೇರ್‌ಬಾಕ್ಸ್ ಬಿಚ್ಚಿಸಿದರು. ಕೊಕ್ಕೆಗೆ ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ಹಾಗಿದ್ದರೆ ಜೀಪು ಉರುಳಲು ಒಂದೇ ದಾರಿ ಎಂದರು ಅವರು: ಚಿಕ್ಕ ಲಿವರ್ ನ್ಯೂಟ್ರಲ್‌ನಲ್ಲಿರಬೇಕು. ಆಗ ಗೇರ್‌ಬಾಕ್ಸಿಗೂ ಚಕ್ರಕ್ಕೂ ನಂಟೇ ತಪ್ಪಿ, ‘ಪಿ’ ಇದ್ದೂ ಇಲ್ಲದಂತೆ. ಇನ್‌ಸ್ಪೆಕ್ಟರ್ ಅಣ್ಣನನ್ನು ಕರೆಸಿದರು.

"ಜೀಪು ಉರುಳಿದ ಮೇಲೆ ಅಲ್ಲಿ ಯಾರ್ಯಾರಿದ್ರು?"

"ನಾನೊಬ್ಬನೇ. ಗೇಟಿಗೆ ಬೀಗ ಹಾಕ್ಕೊಂಡೇ ಠಾಣೆಗೆ ಬಂದೆ. ನೀವು ಬರೋವರೆಗೂ ಯಾರೂ ಹತ್ರ ಹೋಗಿಲ್ಲ."

"ಹಾಗಾದ್ರೆ ನ್ಯೂಟ್ರಲ್‌ನಲ್ಲಿದ್ದ ಲಿವರು ನಾಲ್ಕಕ್ಕೆ ಹೇಗೆ ಬಂತು?"

ಅವನು ಎಲ್ಲವನ್ನೂ ಕಕ್ಕಿದ. ತಮ್ಮ ಚಕ್ರಕ್ಕೆ ಕಲ್ಲು ಇಟ್ಟೇ ಇದ್ದ. ಅಣ್ಣ ಚಿಕ್ಕ ಲಿವರನ್ನು ನ್ಯೂಟ್ರಲ್‌ಗೆ ಎಳೆದು, ಆಮೇಲೆ ಕಲ್ಲು ತೆಗೆದಿದ್ದ.

"ತಕ್ಷಣ ಸತ್ತನಾ?"

"ಇಲ್ಲ. ಅಣ್ಣಾ, ಅಣ್ಣಾ ಅಂತ ಕೂಗ್ತಿದ್ದ."

"ನೀನೇನು ಮಾಡ್ದೆ?"

"ಮೊದ್ಲು ಲಿವರ್ ಸರಿ ಮಾಡ್ದೆ."

ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ಪೆನ್ನು ಕೆಳಗಿಟ್ಟ.

ತಮ್ಮನ ಕೈಗೆ ಮೊದಲು ಸ್ಪ್ಯಾನರ್ ಕೊಟ್ಟವನೇ ಈ ಅಣ್ಣ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾತ್ರ ಅವನ ತಲೆಗೆ ಹತ್ತಲಿಲ್ಲ. ಹೋದ ವಾರ ಗಿರಾಕಿಗಳೆದುರು ತಮ್ಮ "ಅಣ್ಣಾ, ಇದನ್ನ ನೀನು ಮುಟ್ಟಬೇಡ" ಎಂದಿದ್ದ. ಅವರು ನಕ್ಕಿದ್ದರು. ಲಿವರನ್ನು ನ್ಯೂಟ್ರಲ್‌ನಲ್ಲೇ ಬಿಟ್ಟಿದ್ದರೆ ಸತ್ತವನ ಮರೆವು ಎಂದು ಎಲ್ಲರೂ ನಂಬುತ್ತಿದ್ದರು. ಅಷ್ಟಕ್ಕೆ ಅಣ್ಣನ ಹೊಟ್ಟೆಯುರಿ ತಣಿಯಲಿಲ್ಲ. ಒಳ್ಳೆಯ ಮೆಕ್ಯಾನಿಕ್ ಎಂಬ ತಮ್ಮನ ಹೆಸರೂ ಅವನ ಜೊತೆಗೇ ಸಾಯಬೇಕಿತ್ತು.

ಬಂಧನದ ಕಾಗದಕ್ಕೆ ಸಹಿ ಹಾಕಿ ಎದ್ದವನು ಕೇಳಿದ: "ಚೆನ್ನಾಗಿ ಜೋಡಿಸಿದ್ನಾ, ಸಾರ್?"

"ಒಂದು ತಪ್ಪೂ ಸಿಕ್ಕಿಲ್ಲ," ಎಂದರು ಇನ್‌ಸ್ಪೆಕ್ಟರ್.

ಆಗ ಅವನು ಅತ್ತ.