ಈರಕ್ಕ ಕುಡಿದ ನೀರು

ನಾನು ರಾಯದುರ್ಗದ ಮಗ್ಗುಲ ಹಳ್ಳಿಯಾಕಿ, ಮನ್ಯಾಗ ಜೀನ್ಸ್ ಹೊಲಿತೀನ್ರಿ. ಪಕ್ಕದ ಮನಿ ಹೊನ್ನೂರಪ್ಪ ಜೀನ್ಸ್ ತೊಳಿಯೋ ಶೆಡ್ ಇಟ್ಟಾನ. ಬಣ್ಣದ ನೀರು ಮೋರಿಗೆ ಬಿಟ್ಟರ ಆಫೀಸರು ನೋಡ್ತಾರಂತ ಬತ್ತಿದ ಬೋರಿನೊಳಗ ಇಳಿಸ್ತಾನ. ನಮ್ಮ ಓಣಿ ಕೈಪಂಪಿನ್ಯಾಗ ನೀಲಿ ನೀರು ಬರಾಕ ಹತ್ತಿತು. ತಾನು ಮಾತ್ರ ಪ್ಯಾಟಿಯಿಂದ ಫಿಲ್ಟರ್ ನೀರಿನ ಕ್ಯಾನ್ ತರಿಸಿ ಕುಡೀತಿದ್ದ.

ಅವರವ್ವ ಈರಕ್ಕ ಆ ಕ್ಯಾನ್ ಮುಟ್ಟಲಿಲ್ಲ. "ಊರಿಗೆಲ್ಲ ತರಿಸ್ತೀಯೇನಲೇ?" ಅಂದು ಪಂಪಿನ ನೀರೇ ಕುಡಿದಳು. ಹೊಟ್ಟಿ ಹಿಡಕೊಂಡು ಒದ್ದಾಡಿ ಸತ್ತಳು.

ಮೂರನೇ ದಿನ ಸುಡು ಮಧ್ಯಾಹ್ನ, ಹಾಲು ತುಪ್ಪ ಬಿಡಾಕ ಆಕಿನ್ನ ಮಣ್ಣು ಮಾಡಿದ ಜಾಗಕ್ಕ ಹೋದಿವಿ. ಹೊನ್ನೂರಪ್ಪ ಕ್ಯಾನ್ ನೀರು ಚಂಬಿಗೆ ಹಾಕಿ ಎಡಿ ಮುಂದ ಇಟ್ಟ. ಕಣ್ಣೆದುರೇ ನೀಲಿ ಆತು. ನಾನೇ ಮುಟ್ಟಿದೆ, ಬಿಸಿ ಇತ್ತು. ಅವನ ಶೆಡ್ಡಿನ ವಾಸನಿ ಹೊಡೀತು. ಚೆಲ್ಲಿ ಮತ್ತ ಹಾಕಿದ. ಮತ್ತ ನೀಲಿ.

"ಆಕಿ ಕುಡೀತಿದ್ದ ನೀರು ತಗೊಂಬಾರಲೇ," ಅಂದಳು ಈರಕ್ಕನ ತಂಗಿ ದುರುಗಕ್ಕ. ಪಂಪಿನ ನೀರು ತಂದಿಟ್ಟ. ಚಂಬಿನ ತಳ ಕಾಣುವಷ್ಟು ತಿಳಿ ಇತ್ತು.

"ಎಡಿ ನೀರು ಮಗನೇ ಮೊದಲು ಕುಡೀಬೇಕು. ಕುಡಿಯಪ್ಪಾ," ಅಂದಳು ದುರುಗಕ್ಕ.

ಮಂದಿ ಮುಂದ ಇಲ್ಲ ಅನ್ನಾಕ ಆಗದ ಕುಡಿದ.

ಅವತ್ತಿಂದ ಯಾವ ಕ್ಯಾನ್ ನೀರಾದ್ರೂ ಅವನ ಲೋಟಕ್ಕ ಬಿದ್ರ ನೀಲಿ. ಅದೇ ನೀರು ನನ್ನ ಲೋಟಕ್ಕ ಹಾಕಿ ನೋಡೀನ್ರಿ, ತಿಳಿ ಐತಿ. ಪಂಪಿನ ನೀರು ನಮಗ ನೀಲಿ, ಅವನ ಕೈಯಾಗ ತಿಳಿ. ಬಾಯಾರಿದಾಗ ಅದನ್ನೇ ಕುಡೀತಾನ. ಈಗ ಅವನೂ ಹೊಟ್ಟಿ ಹಿಡಕೊಂಡು ಕುಂತಿರ್ತಾನ, ಉಗುರು ನೀಲಿ ಆಗ್ಯಾವ.

ಶೆಡ್ ಮಾತ್ರ ಇವತ್ತಿಗೂ ಬಂದ್ ಮಾಡಿಲ್ರಿ.